ಊರ ದಾರಿಗೆ ಪುಟ್ಟ ವ್ಯಾನೇ ಬಿಡಾರ
ಕೊರೆಯದೆ, ಕತ್ತರಿಸದೆ ನಾವೇ ಮಾಡಿಕೊಳ್ಳಬಹುದಾದ ಏರ್ಪಾಡುಗಳು

ಮುಂಬಯಿ: ಮೇ ತಿಂಗಳ ರಜೆ, ಚೌತಿ ಹಬ್ಬ, ಕುಟುಂಬದ ನಾಗತಂಬಿಲ, ಊರಿನ ದೈವದ ನೇಮ - ಇವು ಹತ್ತಿರ ಬಂತೆಂದರೆ ಮುಂಬಯಿಯ ತುಳು ಕನ್ನಡಿಗರ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಟಿಕೆಟ್ ಆಯಿತೇ? 1998ರ ಜನವರಿ 26ರಂದು ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದುಕೊಂಡಾಗ ಊರು ಹತ್ತಿರವಾಯಿತೆಂದು ನಾವೆಲ್ಲ ಸಂಭ್ರಮಿಸಿದ್ದೆವು. ಆದರೆ ಹಬ್ಬದ ದಿನಗಳ ನೂಕುನುಗ್ಗಲು ಇಂದಿಗೂ ತಪ್ಪಿಲ್ಲ. ಮುಂಗಡ ಟಿಕೆಟಿನ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳಿಂದ 60 ದಿನಗಳಿಗೆ ಇಳಿಸಿದ ಮೇಲೂ ವೇಟಿಂಗ್ ಲಿಸ್ಟಿನ ತಲೆಬಿಸಿ ಹಾಗೆಯೇ ಉಳಿದಿದೆ. ಹೀಗಾಗಿ ಸ್ವಂತ ವಾಹನದಲ್ಲೇ ಪನ್ವೇಲ್ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಊರಿನ ದಾರಿ ಹಿಡಿಯುವ ಕುಟುಂಬಗಳು ನಮ್ಮಲ್ಲಿ ಬಹಳ.

ಮಹಾಡ್, ಚಿಪ್ಳೂಣ್, ಕಣಕವಲಿ, ಸಾವಂತವಾಡಿ, ಗೋವಾ, ಕಾರವಾರ, ಹೊನ್ನಾವರ, ಕುಂದಾಪುರ ಎಂದು ಲೆಕ್ಕ ಹಾಕುತ್ತಾ ಹೋದರೆ ಕರಾವಳಿಯ ಈ ದಾರಿ ಹತ್ತಿರ ಹತ್ತಿರ 900 ಕಿಲೋಮೀಟರು. ಒಬ್ಬರೇ ಚಾಲಕರಿದ್ದರೆ ಒಂದೇ ಉಸಿರಿನಲ್ಲಿ ಮುಗಿಸುವ ದಾರಿ ಇದಲ್ಲ. ಆದರೂ 'ಲಾಡ್ಜಿಗೆ ಯಾಕೆ ದುಡ್ಡು, ಬೆಳಗಾಗುವಾಗ ಊರು ಮುಟ್ಟುತ್ತೇವೆ' ಎಂದು ರಾತ್ರಿಯಿಡೀ ಗಾಡಿ ಓಡಿಸುವವರೇ ಹೆಚ್ಚು. ನಡುರಾತ್ರಿ ಎರಡರಿಂದ ಬೆಳಗ್ಗಿನ ಐದು ಗಂಟೆಯ ಒಳಗೆ ಮನುಷ್ಯನ ದೇಹ ತಾನಾಗಿಯೇ ನಿದ್ದೆಯನ್ನು ಬಯಸುತ್ತದೆ. ಚಹಾ ಕುಡಿದರೂ ಮುಖ ತೊಳೆದರೂ ಅದು ಪೂರ್ತಿ ಬಿಡುವಂಥದ್ದಲ್ಲ. ನಿದ್ದೆಗೆ ಇರುವ ಒಂದೇ ಮದ್ದು ನಿದ್ದೆ. ಗಾಡಿಯಲ್ಲೇ ಮೈಚಾಚಿ ಮಲಗುವ ಒಂದು ಜಾಗವಿದ್ದರೆ ಚಾಲಕ ಎಲ್ಲಿ ಕಣ್ಣು ಎಳೆಯುತ್ತದೋ ಅಲ್ಲೇ ನಿಲ್ಲಿಸಿ ಎರಡು ಮೂರು ಗಂಟೆ ನಿದ್ರಿಸಬಹುದು. ಪುಟ್ಟ ವ್ಯಾನನ್ನು ಬಿಡಾರ ಮಾಡಿಕೊಳ್ಳುವ ಈ ವಿಚಾರ ಮುಖ್ಯವಾಗುವುದು ಇದೇ ಕಾರಣಕ್ಕೆ. ಶೋಕಿಗಿಂತಲೂ ಇದು ಮನೆಮಂದಿ ಕ್ಷೇಮವಾಗಿ ಊರು ಮುಟ್ಟುವ ಪ್ರಶ್ನೆ.

ಇದಕ್ಕೆ ಲಕ್ಷಾಂತರ ರೂಪಾಯಿಯ ಕ್ಯಾರವಾನ್ ಬೇಕಿಲ್ಲ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಬಂದು, ಬಳಿಕ ಓಮ್ನಿಯಾಗಿ ಮನೆಮಾತಾದ ಗಾಡಿಯನ್ನು ನಮ್ಮ ಹೊಟೇಲು ಉದ್ಯಮದವರೂ ಸಂಸಾರಸ್ಥರೂ ಚೆನ್ನಾಗಿ ಬಲ್ಲರು. ಅದರ ತಯಾರಿಕೆ 2019ರಲ್ಲಿ ನಿಂತಿತು. 2010ರಲ್ಲಿ ಬಂದ ಈಕೋ ಈಗ ಅದರ ಸ್ಥಾನದಲ್ಲಿದೆ. ಚೌಕಾಕಾರದ ಮೈ, ಸರಿಯುವ ಬಾಗಿಲು, ಮೇಲಕ್ಕೆ ತೆರೆಯುವ ಹಿಂಬಾಗಿಲು - ಪುಟ್ಟ ಬಿಡಾರಕ್ಕೆ ಬೇಕಾದದ್ದೆಲ್ಲ ಇದರಲ್ಲಿದೆ. ಆದರೆ ಒಂದು ನಿಯಮವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು: ನಾವು ಮಾಡುವ ಯಾವ ಏರ್ಪಾಡೂ ಅರ್ಧ ಗಂಟೆಯಲ್ಲಿ ಕಳಚಿ ಕೆಳಗಿಡುವಂತಿರಬೇಕು. ಅದು ಯಾಕೆಂದು ಮುಂದೆ ನೋಡೋಣ.

ಮೊದಲು ಕಾನೂನು ತಿಳಿಯೋಣ

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿ ಪುಸ್ತಕದಲ್ಲಿ ನಮೂದಾದ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ಮಾಲಕರು ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಮಾತನ್ನು ಸ್ಪಷ್ಟವಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ನಿಯಮಬಾಹಿರ ಬದಲಾವಣೆ ಮಾಡಿದ ಮಾಲಕರಿಗೆ ಆರು ತಿಂಗಳವರೆಗಿನ ಸಜೆ, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸುವ ಅವಕಾಶ ಬಂದಿದೆ. ಪೂರ್ಣ ಪ್ರಮಾಣದ ಮೋಟಾರ್ ಕ್ಯಾರವಾನಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಅದನ್ನು ಮನೆಯಂಗಳದಲ್ಲಿ ಪಾಲಿಸಿ ಮುಗಿಸುವುದು ಆಗದ ಮಾತು.

ಇದನ್ನು ಸರಳವಾಗಿ ಹೀಗೆ ತಿಳಿಯಬಹುದು. ಸೀಟು ಕಿತ್ತು ಹಾಕಿದರೆ ಆಸನ ಸಂಖ್ಯೆ ಬದಲಾಯಿತು. ಛಾವಣಿ ಕೊರೆದು ಕಿಟಕಿ ಕೂರಿಸಿದರೆ ಮೈಯ ರಚನೆಯೇ ಬದಲಾಯಿತು. ಇವಕ್ಕೆ ಆರ್‌ಟಿಒ ಅನುಮತಿ ಬೇಕು. ಅನುಮತಿಯಿಲ್ಲದೆ ಮಾಡಿದರೆ ಅಪಘಾತವಾದಾಗ ವಿಮೆಯವರು ತಕರಾರು ಎತ್ತಲು ನಾವೇ ದಾರಿ ಮಾಡಿಕೊಟ್ಟಂತೆ. ಆದರೆ ಸೀಟು, ಬೆಲ್ಟು, ಗಾಜು, ತಂತಿ ಯಾವುದನ್ನೂ ಮುಟ್ಟದೆ ಒಳಗೆ ಒಂದು ಪೆಟ್ಟಿಗೆ, ಮೂರು ಹಲಗೆ ಇಟ್ಟು, ಭದ್ರವಾಗಿ ಕಟ್ಟಿಕೊಂಡು ಹೋದರೆ ಅದು ಸಾಮಾನು, ವಾಹನದ ಮಾರ್ಪಾಡಲ್ಲ. ಈ ಲೇಖನದಲ್ಲಿ ಹೇಳುವುದೆಲ್ಲ ಈ ಎರಡನೇ ಬಗೆಯದು.

ಹಾಸಿಗೆ: ಒಂದು ಪೆಟ್ಟಿಗೆ, ಮೂರು ಹಲಗೆ

ಈಕೋದ ಉದ್ದ 3675 ಮಿ.ಮೀ., ಅಂದರೆ ಹನ್ನೆರಡು ಅಡಿ. ಅಗಲ 1475 ಮಿ.ಮೀ., ಐದಡಿಗೂ ಕಡಿಮೆ. ಇದು ಹೊರಗಿನ ಅಳತೆ. ಬಾಗಿಲಿನ ದಪ್ಪ ಕಳೆದರೆ ಒಳಗೆ ಅಡ್ಡಡ್ಡ ಮಲಗಲು ದೊಡ್ಡವರಿಗೆ ಸಾಧ್ಯವಿಲ್ಲ. ಉದ್ದುದ್ದ ಇಬ್ಬರು ಮಲಗಬಹುದು. ಮೂರನೆಯವರಿಗೆ ಜಾಗ ಹುಡುಕಲು ಹೋಗಬಾರದು. ಸುತಾರರನ್ನು ಕರೆಸುವ ಮುನ್ನ ಮುಂದಿನ ಸೀಟಿನ ಬೆನ್ನಿನಿಂದ ಹಿಂಬಾಗಿಲಿನವರೆಗೆ, ಚಕ್ರದ ಉಬ್ಬಿನಿಂದ ಉಬ್ಬಿಗೆ, ನೆಲದಿಂದ ಮಡಚಿದ ಸೀಟಿನ ಮೇಲ್ಮಟ್ಟಕ್ಕೆ - ಈ ಮೂರು ಅಳತೆಗಳನ್ನು ಹಿಂಬಾಗಿಲು ಮುಚ್ಚಿಟ್ಟೇ ತೆಗೆಯಬೇಕು. ದಪ್ಪ ರಟ್ಟಿನಲ್ಲಿ ಮೊದಲು ನಮೂನೆ ಕತ್ತರಿಸಿ ಒಳಗಿಟ್ಟು ನೋಡಿದರೆ ಪ್ಲೈವುಡ್ ಹಾಳಾಗದು.

ಡಿಕ್ಕಿಯ ಜಾಗಕ್ಕೆ, ಮಡಚಿದ ಸೀಟಿನಷ್ಟೇ ಎತ್ತರದ ಒಂದು ಪೆಟ್ಟಿಗೆ ಮಾಡಿಸಿ. ಅಡುಗೆಯ ಸಾಮಾನು, ಹೊದಿಕೆ ಎಲ್ಲ ಇದರೊಳಗೆ. ಇದರ ಮುಚ್ಚಳವೇ ಮೊದಲ ಹಲಗೆ. ಮಡಚಿದ ಸೀಟಿನ ಮೇಲೆ ಎರಡನೆಯ ಹಲಗೆ. ಸೀಟಿಗೂ ಮುಂದಿನ ಸೀಟಿನ ಬೆನ್ನಿಗೂ ನಡುವಿನ ಕಾಲಿಡುವ ಜಾಗದ ಮೇಲೆ ಮೂರನೆಯದು. ಇದಕ್ಕೆ ಮಡಚುವ ಎರಡು ಕಾಲುಗಳು ಬೇಕು. ಹಗಲು ಹೊತ್ತು ಈ ಎರಡು ಹಲಗೆಗಳು ಪೆಟ್ಟಿಗೆಯ ಮೇಲೆ ಒಂದರ ಮೇಲೊಂದು ಮಲಗುತ್ತವೆ, ಸೀಟು ಎಂದಿನಂತೆ ಸೀಟಾಗಿರುತ್ತದೆ. ಹಿಂದಿನ ಸೀಟಿನ ಬೆನ್ನು ಮಡಚದ ಮಾದರಿಯಲ್ಲಿ ಈ ವಿಧಾನ ನಡೆಯದು. ಅಂಥವರು ಸೀಟು ಕಳಚುವ ಸಾಹಸಕ್ಕೆ ಇಳಿಯದೆ, ಕೆಳಗೆ ಹೇಳುವ ಗಾಳಿ, ಬೆಳಕಿನ ಏರ್ಪಾಡುಗಳನ್ನು ಮಾತ್ರ ಮಾಡಿಕೊಳ್ಳುವುದು ಲೇಸು.

ಪ್ಲೈವುಡ್ 18 ಮಿ.ಮೀ. ದಪ್ಪದ್ದೇ ಬೇಕೆಂದು ಅಂಗಡಿಯವರು ಹೇಳಬಹುದು. ಎಂಟಡಿ ನಾಲ್ಕಡಿಯ 18 ಮಿ.ಮೀ. ಹಾಳೆ ಮೂವತ್ತು ಕಿಲೋ ಮೀರುತ್ತದೆ, 12 ಮಿ.ಮೀ. ಹಾಳೆ ಇಪ್ಪತ್ತೆರಡು ಕಿಲೋದ ಆಸುಪಾಸು. ಸುಮಾರು ಹದಿನಾರು ಇಂಚಿಗೊಂದು ಅಡ್ಡಪಟ್ಟಿಯ ಆಧಾರ ಕೊಟ್ಟರೆ 12 ಮಿ.ಮೀ. ಧಾರಾಳ ಸಾಕು. ಐಎಸ್ 710 ಮುದ್ರೆಯ ಮೆರೀನ್ ಪ್ಲೈ ಆದರೆ ಕರಾವಳಿಯ ತೇವಕ್ಕೆ ಬಾಳಿಕೆ ಬರುತ್ತದೆ. ಕತ್ತರಿಸಿದ ಅಂಚುಗಳಿಗೆ ಎರಡು ಕೈ ವಾರ್ನಿಷ್ ಬಳಿಯಿರಿ. ಸ್ಕ್ರೂ, ಹಿಂಜ್‌ಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಮಾಮೂಲಿ ಕಬ್ಬಿಣದ್ದು ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಹಲಗೆಗಳಲ್ಲಿ ಆರಾರು ಇಂಚಿಗೆ ಒಂದಿಂಚಿನ ತೂತು ಕೊರೆಸುವುದನ್ನು ಮರೆಯಬಾರದು. ರಾತ್ರಿ ಮೈಯ ಬೆವರು, ಉಸಿರಿನ ಹಬೆ ಫೋಮಿನಡಿ ಇಳಿದು ಬೂಸಲು ಬರುವುದನ್ನು ಈ ತೂತುಗಳು ತಡೆಯುತ್ತವೆ. ಫೋಮು ಎರಡಿಂಚು ದಪ್ಪ, 40 ಸಾಂದ್ರತೆಯದ್ದಾದರೆ ನಾಲ್ಕೂವರೆ ಕಿಲೋದಲ್ಲಿ ಇಬ್ಬರ ಹಾಸಿಗೆಯಾಗುತ್ತದೆ. ಅದನ್ನೂ ಮೂರು ತುಂಡು ಮಾಡಿದರೆ ಹಗಲಿಗೆ ಒರಗುವ ದಿಂಬಾಗುತ್ತದೆ.

ಎಚ್ಚರಿಕೆಯ ಮಾತೊಂದು: ಗಾಡಿ ಓಡುವಾಗ ಯಾರೂ ಈ ಹಾಸಿಗೆಯ ಮೇಲೆ ಮಲಗಕೂಡದು. ಮಕ್ಕಳಂತೂ ಸರ್ವಥಾ ಕೂಡದು. ಓಡುವ ಗಾಡಿಯಲ್ಲಿ ಸೀಟು ಮತ್ತು ಬೆಲ್ಟು, ನಿಂತ ಗಾಡಿಯಲ್ಲಿ ಹಾಸಿಗೆ.

ಭಾರದ ಲೆಕ್ಕ

ಪೆಟ್ಟಿಗೆ, ಹಲಗೆ ಸೇರಿ ಇಪ್ಪತ್ತೈದು ಮೂವತ್ತು ಕಿಲೋ, ನೀರು ಇಪ್ಪತ್ತು, ಅಡುಗೆಯ ಸಾಮಾನು ಹತ್ತು ಹನ್ನೆರಡು, ಬ್ಯಾಟರಿ ಐದಾರು, ಫೋಮು, ಹೊದಿಕೆ. ಒಟ್ಟು ಕೂಡಿಸಿದರೆ ಎಪ್ಪತ್ತು ಕಿಲೋ. ಅಂದರೆ ಮತ್ತೊಬ್ಬ ಪ್ರಯಾಣಿಕನ ಭಾರ. ಆದುದರಿಂದ ಐದು ಸೀಟಿನ ಗಾಡಿಯಲ್ಲಿ ಈ ಸಾಮಾನಿನ ಜೊತೆ ನಾಲ್ವರು ಹೋಗುವುದು ಸರಿಯಾದ ಲೆಕ್ಕ. ಆರ್‌ಸಿಯಲ್ಲಿ ನಮೂದಾದ ಒಟ್ಟು ತೂಕದಿಂದ ಬರಿಗಾಡಿಯ ತೂಕ ಕಳೆದರೆ ಎಷ್ಟು ಹೇರಬಹುದೆಂದು ತಿಳಿಯುತ್ತದೆ. ಊರಿನಿಂದ ಮರಳುವಾಗ ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನ ಹಪ್ಪಳದ ಗಂಟುಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ ಎಂಬುದನ್ನು ನಮ್ಮವರಿಗೆ ಬೇರೆ ಹೇಳಬೇಕಾಗಿಲ್ಲ.

ಭಾರದ ವಸ್ತು ನೆಲಮಟ್ಟದಲ್ಲಿರಲಿ. ಛಾವಣಿಯ ಮೇಲೆ ಹೇರಿದರೆ ಎತ್ತರದ, ಕಿರಿದಾದ ಈ ಗಾಡಿ ತಿರುವಿನಲ್ಲಿ ಓಲಾಡುತ್ತದೆ. ಪೆಟ್ಟಿಗೆ ಸೀಟಿನ ಬೆನ್ನಿಗೆ ತಾಗಿಯೇ ಇರಬೇಕು. ನಡುವೆ ಸಂದು ಬಿಟ್ಟರೆ ಬ್ರೇಕ್ ಹಾಕಿದಾಗ ಅದು ಓಡಿಬಂದು ಗುದ್ದುತ್ತದೆ. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಏನಕ್ಕಾದರೂ ಢಿಕ್ಕಿಯಾಗಿ ಅರ್ಧ ಮೀಟರಿನೊಳಗೆ ನಿಂತುಬಿಟ್ಟರೆ, ಒಳಗಿನ ವಸ್ತು ತನ್ನ ತೂಕದ ಸುಮಾರು ಇಪ್ಪತ್ತು ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಕಟ್ಟದೆ ಬಿಟ್ಟ ಇಪ್ಪತ್ತು ಕಿಲೋದ ನೀರಿನ ಕ್ಯಾನು ಆಗ ನಾನೂರು ಕಿಲೋದ ಪೆಟ್ಟು. ಟೆಂಪೋದವರು ಬಳಸುವ ರ್‍ಯಾಚೆಟ್ ಬೆಲ್ಟು ಎರಡು ಕೊಂಡು ಪೆಟ್ಟಿಗೆ, ಹಲಗೆ, ಕ್ಯಾನು ಎಲ್ಲವನ್ನೂ ಬಿಗಿದು ಕಟ್ಟಬೇಕು. ಸ್ಟೆಪ್ನಿ, ಜಾಕು ತೆಗೆಯಲು ಇವು ಅಡ್ಡಿಯಾಗಬಾರದು.

ಗಾಳಿಯೇ ಪ್ರಾಣ

2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಪತ್ತೆಯಾದ ಸುದ್ದಿ ಓದುಗರಿಗೆ ನೆನಪಿರಬಹುದು. ಜನರೇಟರಿನಿಂದ ಹೊರಟ ಕಾರ್ಬನ್ ಮೋನಾಕ್ಸೈಡ್ ಒಳಗೆ ತುಂಬಿದ್ದೇ ಕಾರಣವೆಂದು ಬಳಿಕ ತಜ್ಞರ ತಂಡ ಕಂಡುಕೊಂಡಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವರನ್ನು ಇದು ಎಬ್ಬಿಸುವುದಿಲ್ಲ. ಆಮ್ಲಜನಕ ಹೊರುವ ರಕ್ತದ ಕಣಗಳಿಗೆ ಇದೇ ಅಂಟಿಕೊಂಡು, ಉಸಿರಾಡುತ್ತಿದ್ದರೂ ದೇಹಕ್ಕೆ ಆಮ್ಲಜನಕ ಸಿಗದಂತೆ ಮಾಡುತ್ತದೆ.

ಆದುದರಿಂದ ಇಲ್ಲಿ ವಿನಾಯಿತಿಯಿಲ್ಲದ ಮೂರು ಮಾತು. ಒಂದು, ಇಂಜಿನ್ ಚಾಲೂ ಇಟ್ಟು ಎಸಿ ಹಾಕಿ ಗಾಜು ಮುಚ್ಚಿ ಮಲಗಬಾರದು. ಎರಡು, ಒಲೆ, ಇದ್ದಿಲಿನ ಕೆಂಡ, ಜನರೇಟರು ಯಾವುದೂ ಗಾಡಿಯೊಳಗೆ ಕೂಡದು, ತೆರೆದ ಕಿಟಕಿಯ ಬಳಿಯೂ ಕೂಡದು. ಮೂರು, ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮೋನಾಕ್ಸೈಡ್ ಅಲಾರಂ ಒಂದನ್ನು ಹಾಸಿಗೆಯ ಬಳಿ ಇಡಬೇಕು. ಹಾಸಿಗೆ ಮಾಡಿಸಲು ದುಡ್ಡಿದ್ದು ಅಲಾರಂ ಕೊಳ್ಳಲು ಇಲ್ಲವೆಂದಾದರೆ, ಹಾಸಿಗೆಯನ್ನೇ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದು ವಾಸಿ.

ಹಾಗಾದರೆ ಸೆಕೆಗೆ ಏನು ಮಾಡುವುದು? ವಿದೇಶಗಳಲ್ಲಿ ಚಳಿ ತಡೆಯಲು ಗಾಡಿಯ ಗೋಡೆಗೆ ದಪ್ಪ ಹೊದಿಕೆ ತುಂಬುತ್ತಾರೆ. ನಮ್ಮ ಕರಾವಳಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಇಲ್ಲಿ ಬೇಕಾದದ್ದು ಗಾಳಿಯ ಓಟ. ಮುಂದಿನ ಎರಡೂ ಬಾಗಿಲಿಗೆ ಸೊಳ್ಳೆ ಪರದೆಯ ಬಟ್ಟೆಯಿಂದ ದಿಂಬಿನ ಚೀಲದಂಥ ಗವಸು ಹೊಲಿಸಿ, ಬಾಗಿಲಿನ ಮೇಲ್ಭಾಗಕ್ಕೆ ತೊಡಿಸಿ ಬಾಗಿಲು ಮುಚ್ಚಿದರೆ ಗಾಜು ಇಳಿಸಿಯೂ ಸೊಳ್ಳೆ ಬರದು. ಉಳಿದ ಕಿಟಕಿಗಳಿಗೆ ಅಂಚಿನಲ್ಲಿ ಚಿಕ್ಕ ಅಯಸ್ಕಾಂತ ಹೊಲಿದ ಪರದೆ ಸಾಕು, ಉಕ್ಕಿನ ಚೌಕಟ್ಟಿಗೆ ತಾನೇ ಅಂಟಿಕೊಳ್ಳುತ್ತದೆ. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಕಂಪ್ಯೂಟರಿಗೆ ಹಾಕುವ 120 ಮಿ.ಮೀ.ನ 12 ವೋಲ್ಟ್ ಫ್ಯಾನು ಸಿಗುತ್ತದೆ. ಅಂಥ ಎರಡು ಫ್ಯಾನುಗಳನ್ನು ರಟ್ಟಿನಷ್ಟು ತೆಳ್ಳಗಿನ ಹಲಗೆಗೆ ಬಿಗಿದು ಎದುರು ಬದುರಿನ ಕಿಟಕಿಗಳ ಸಂದಿಗೆ ಸಿಕ್ಕಿಸಿ. ಒಂದು ಗಾಳಿಯನ್ನು ಒಳಗೆಳೆಯಲಿ, ಇನ್ನೊಂದು ಹೊರದಬ್ಬಲಿ. ರಾತ್ರಿಯಿಡೀ ಸದ್ದಿಲ್ಲದೆ ತಿರುಗುತ್ತವೆ.

ಈ ಗಾಡಿಗಳಲ್ಲಿ ಇಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ನಿಲ್ಲಿಸಿದ ಮೇಲೂ ಬಹಳ ಹೊತ್ತು ಅಲ್ಲಿನ ಬಿಸಿ ಆರದು. ತಲೆ ಹಿಂಬದಿಗೆ, ಕಾಲು ಮುಂಬದಿಗೆ ಇಟ್ಟು ಮಲಗುವುದು ಹಿತ. ಹಗಲು ನಿಲ್ಲಿಸುವಾಗ ಬಿಸಿಲು ತಡೆಯಲು ಮಿಂಚುವ ಬೆಳ್ಳಿಬಣ್ಣದ ಫೋಮು ಹಾಳೆಯನ್ನು ಪ್ರತಿ ಗಾಜಿನ ಅಳತೆಗೆ ಕತ್ತರಿಸಿಟ್ಟುಕೊಳ್ಳಿ. ಅದೇ ರಾತ್ರಿಗೆ ಮರೆಯೂ ಆಗುತ್ತದೆ. ಗಾಡಿ ಹೊರಡುವಾಗ ಎಲ್ಲವನ್ನೂ ತೆಗೆದು ಗಾಜು ತೆರವಾಗಿರಬೇಕು. ಓಡುವ ಗಾಡಿಗೆ ಪರದೆ ಕಟ್ಟಿದರೆ ಪೊಲೀಸರು ತಡೆಯುವುದು ನ್ಯಾಯವೇ.

ಬೆಳಕು ಮತ್ತು ವಿದ್ಯುತ್ತು

ಗಾಡಿಯ ಸ್ವಂತ ಬ್ಯಾಟರಿಯಿಂದ ರಾತ್ರಿಯಿಡೀ ಫ್ಯಾನು ತಿರುಗಿಸಿದರೆ ಬೆಳಗ್ಗೆ ಗಾಡಿ ತಳ್ಳಬೇಕಾದೀತು. ಬೇರೆಯದೇ ವಿದ್ಯುತ್ತು ಬೇಕು. ಎಷ್ಟು ಬೇಕೆಂದು ಲೆಕ್ಕ ಹಾಕೋಣ. ಮೂರು ವ್ಯಾಟಿನ ಎರಡು ಪುಟ್ಟ ಫ್ಯಾನು ಎಂಟು ಗಂಟೆಗೆ 48 ವ್ಯಾಟ್-ಅವರ್. ಮೈಗೆ ಗಾಳಿ ಬೀಸುವ 15 ವ್ಯಾಟಿನ ಫ್ಯಾನು ಒಂದು, ಎಂಟು ಗಂಟೆಗೆ 120. ಐದು ವ್ಯಾಟಿನ ಎಲ್‌ಇಡಿ ದೀಪ ನಾಲ್ಕು ಗಂಟೆಗೆ 20. ಮೂರು ಮೊಬೈಲಿಗೆ ಸುಮಾರು 45. ಒಟ್ಟು 233. ಅಂದಮೇಲೆ 300ರಿಂದ 500 ವ್ಯಾಟ್-ಅವರ್‌ನ ಒಂದು ಪೋರ್ಟಬಲ್ ಪವರ್ ಸ್ಟೇಷನ್ ಇದ್ದರೆ ರಾತ್ರಿ ಕಳೆಯಿತು. ಗಾಡಿಯ 12 ವೋಲ್ಟ್ ಸಾಕೆಟ್ಟು 10 ಆಂಪಿಯರಿನದ್ದಾದರೆ ಹೆಚ್ಚೆಂದರೆ 120 ವ್ಯಾಟ್ ಕೊಡುತ್ತದೆ. ಮೂರು ನಾಲ್ಕು ಗಂಟೆಯ ಓಟದಲ್ಲಿ ಪೆಟ್ಟಿಗೆ ತುಂಬಿಕೊಳ್ಳುತ್ತದೆ. ಗಾಡಿಯ ಒಂದು ತಂತಿಯನ್ನೂ ಕತ್ತರಿಸಬೇಕಾಗಿಲ್ಲ ಎಂಬುದೇ ಇದರ ದೊಡ್ಡ ಗುಣ. ಮನೆಗೆ ತಂದಿಟ್ಟರೆ ಕರೆಂಟು ಹೋದಾಗಲೂ ಉಪಯೋಗ.

ಕೈಯಾರೆ ಜೋಡಿಸುವ ಹವ್ಯಾಸವಿರುವವರು 12 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಂದು ಪೆಟ್ಟಿಗೆ ಮಾಡಿಕೊಳ್ಳಬಹುದು. ಇನ್ವರ್ಟರಿನ ಹಳೆ ನೀರು ಬ್ಯಾಟರಿಯನ್ನು ಮಲಗುವ ಜಾಗದಲ್ಲಿ ಇಡಬೇಡಿ. ಚಾರ್ಜಾಗುವಾಗ ಅದು ಹೊತ್ತಿಕೊಳ್ಳುವ ಹೈಡ್ರೋಜನ್ ಬಿಡುತ್ತದೆ. ಬ್ಯಾಟರಿಯ ಪಾಸಿಟಿವ್ ತುದಿಯ ಗೇಣು ದೂರದೊಳಗೆ ಫ್ಯೂಸು ಇರಲೇಬೇಕು. ತಂತಿ ಉಜ್ಜಿ ಶಾರ್ಟ್ ಆದರೆ ಬೆಂಕಿಯನ್ನು ತಡೆಯುವುದು ಅದೊಂದೇ. ತಂತಿಯ ದಪ್ಪದಲ್ಲೂ ಜಿಪುಣತನ ಬೇಡ. ಮನೆಯ 230 ವೋಲ್ಟಿನಲ್ಲಿ ಅರ್ಧ ವೋಲ್ಟು ಕಳೆದರೆ ಗೊತ್ತೇ ಆಗದು, 12 ವೋಲ್ಟಿನಲ್ಲಿ ಅದು ದೊಡ್ಡ ನಷ್ಟ. ಹೋಗಿ ಬರುವ ತಂತಿ ಆರು ಮೀಟರು, 10 ಆಂಪಿಯರ್ ಹರಿದರೆ 1.5 ಚದರ ಮಿ.ಮೀ. ತಂತಿಯಲ್ಲಿ 0.7 ವೋಲ್ಟು ಸೋರಿ ಹೋಗುತ್ತದೆ, 4 ಚದರ ಮಿ.ಮೀ. ತಂತಿಯಲ್ಲಿ ಕಾಲು ವೋಲ್ಟು ಮಾತ್ರ. ಇವೆಲ್ಲ ಲೋಹಾರ್ ಚಾಲ್‌ನ ಅಂಗಡಿಗಳಲ್ಲಿ ಸಿಗುವ ವಸ್ತುಗಳೇ.

ಅಡುಗೆ, ನೀರು, ಮಳೆ

ಇಂಡಕ್ಷನ್ ಒಲೆಯ ಆಸೆ ಬಿಡಬೇಕು. 1500 ವ್ಯಾಟಿನ ಒಲೆ ಇಪ್ಪತ್ತು ನಿಮಿಷ ಉರಿದರೆ 500 ವ್ಯಾಟ್-ಅವರ್, ಅಂದರೆ ಇಡೀ ರಾತ್ರಿಯ ವಿದ್ಯುತ್ತು ಒಂದು ಕುಕ್ಕರಿಗೆ ಮುಗಿಯಿತು. ಅಷ್ಟು ವ್ಯಾಟನ್ನು ಒಮ್ಮೆಲೇ ಕೊಡುವ ಶಕ್ತಿಯೂ ಸಣ್ಣ ಪೆಟ್ಟಿಗೆಗಿಲ್ಲ. ಪುಟ್ಟ ಗ್ಯಾಸ್ ಒಲೆಯನ್ನು ಗಾಡಿಯಿಂದ ದೂರ, ನೆಲದ ಮೇಲಿಟ್ಟು ಬಳಸಬಹುದು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಗಾಡಿಯ ತಳದಲ್ಲಿ ಕುಳಿತು ಕಿಡಿಗೆ ಕಾಯುತ್ತದೆ. ಗ್ಯಾಸಿನ ಡಬ್ಬವನ್ನು ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಗಾಡಿಯಲ್ಲಿ ಬಿಡಬಾರದು, ಇಂಜಿನಿನ ಬಳಿಯಂತೂ ಇಡಲೇಬಾರದು. ಸಿಎನ್‌ಜಿ ಗಾಡಿಯವರು ಒಲೆಯ ಯೋಚನೆಯನ್ನೇ ಬಿಟ್ಟು, ಥರ್ಮಾಸಿನಲ್ಲಿ ಬಿಸಿನೀರು, ಮನೆಯಿಂದ ಕಟ್ಟಿದ ಬುತ್ತಿ ಒಯ್ಯುವುದು ಕ್ಷೇಮ. ಗೋವಾದಲ್ಲಿ ಬೀಚಿನಂಥ ಪ್ರವಾಸಿ ತಾಣಗಳ ಬಯಲಲ್ಲಿ ಅಡುಗೆ ಮಾಡುವುದನ್ನು 2019ರ ಕಾಯ್ದೆ ತಿದ್ದುಪಡಿ ನಿಷೇಧಿಸಿದೆ ಎಂಬುದೂ ತಿಳಿದಿರಲಿ.

ನೀರಿಗೆ ಇಪ್ಪತ್ತು ಲೀಟರಿನ ಒಂದು ಕ್ಯಾನಿಗಿಂತ ಹತ್ತು ಲೀಟರಿನ ಎರಡು ಕ್ಯಾನು ಒಳ್ಳೆಯದು. ಎತ್ತುವುದು ಸುಲಭ, ಒಂದು ಸೋರಿದರೂ ಇನ್ನೊಂದು ಉಳಿಯುತ್ತದೆ. ಕೆಳಗೆ ನಲ್ಲಿಯಿರುವ ಕ್ಯಾನನ್ನು ಪೆಟ್ಟಿಗೆಯ ಅಂಚಿನಲ್ಲಿಟ್ಟರೆ ಪಂಪಿನ ರಗಳೆಯಿಲ್ಲ. ಮಳೆಗಾಲಕ್ಕೆ ಒಂದು ತಾಡಪಾಲು ಸಾಕು. ಒಂದು ಅಂಚನ್ನು ಛಾವಣಿಯ ಮೇಲೆ ಹಾಯಿಸಿ ಆಚೆ ಬದಿಯ ಚಕ್ರಕ್ಕೆ ಹಗ್ಗ ಕಟ್ಟಿ, ಈಚೆ ಬದಿಗೆ ಎರಡು ಕೋಲು ಊರಿದರೆ ಚಾವಡಿಯಂಥ ಮರೆಯಾಯಿತು. ಹೊರಡುವ ಮುನ್ನ ಚಕ್ರದ ಹಗ್ಗ ಬಿಚ್ಚಿದೆಯೇ ಎಂದು ನೋಡಿಕೊಳ್ಳಬೇಕು, ಅಷ್ಟೆ. ಛಾವಣಿಗೆ ತೂತು ಕೊರೆದು ಕೊಕ್ಕೆ ಹಾಕಿದರೆ ಕಾನೂನಿನ ಮಾತು ಹಾಗಿರಲಿ, ನಮ್ಮ ಕಡೆಯ ಮಳೆಗೆ ತುಕ್ಕು ಅಲ್ಲಿಂದಲೇ ಶುರು.

ಹಿರಿಯರು ಜೊತೆಗಿದ್ದರೆ

ಊರಿನ ಮನೆ ನೋಡಬೇಕೆಂದು ಅಪ್ಪ, ಅಮ್ಮ ಹಂಬಲಿಸುತ್ತಾರೆ. ಅಷ್ಟು ದೂರ ಕುಳಿತು ಹೋಗಲಾರೆನೆಂಬ ಅಂಜಿಕೆ ಅವರನ್ನು ಮುಂಬಯಿಯ ಫ್ಲಾಟಿನಲ್ಲೇ ಉಳಿಸುತ್ತದೆ. ಎರಡು ಗಂಟೆಗೊಮ್ಮೆ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ, ಮಧ್ಯಾಹ್ನ ಒಂದು ಗಂಟೆ ಮೈಚಾಚಲು ಬಿಟ್ಟರೆ ಅವರ ಪಯಣ ಬೇರೆಯೇ ಆಗುತ್ತದೆ. ಸರಿಯುವ ಬಾಗಿಲಿನ ಬಳಿ ಇಡಲು ಎಂಟು ಇಂಚು ಎತ್ತರದ ಗಟ್ಟಿ ಮರದ ಮಣೆಯೊಂದನ್ನು ಅದೇ ಪ್ಲೈವುಡ್ಡಿನ ತುಂಡಿನಿಂದ ಮಾಡಿಸಿ, ಮೇಲೆ ರಬ್ಬರು ಅಂಟಿಸಿ. ಹೆದ್ದಾರಿಯ ಶೌಚಾಲಯಗಳು ಮಂಡಿನೋವಿನವರಿಗೆ ದೊಡ್ಡ ಕಷ್ಟ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಮಡಚುವ ಕಮೋಡ್ ಕುರ್ಚಿ, ತಾಡಪಾಲಿನ ಮರೆ, ಮುಚ್ಚಳದ ಬಕೆಟು ಇದ್ದರೆ ಅವರ ಮಾನ, ಪ್ರಾಣ ಎರಡಕ್ಕೂ ನೆಮ್ಮದಿ. ನೀರು ಕುಡಿದರೆ ಶೌಚಕ್ಕೆ ಹೋಗಬೇಕಾದೀತೆಂದು ದಾರಿಯುದ್ದಕ್ಕೂ ನೀರು ಬಿಡುವ ಹಿರಿಯ ಹೆಂಗಸರು ನಮ್ಮಲ್ಲಿ ಎಷ್ಟಿಲ್ಲ?

ಇನ್ಸುಲಿನ್ ತೆಗೆದುಕೊಳ್ಳುವವರ ವಿಷಯ ಇನ್ನೂ ಸೂಕ್ಷ್ಮ. ತೆರೆಯದ ಬಾಟಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಬಳಕೆಯಲ್ಲಿರುವುದು ಸಾಮಾನ್ಯವಾಗಿ 30 ಡಿಗ್ರಿ ಮೀರಬಾರದು. ಬಿಸಿಲಲ್ಲಿ ನಿಂತ ಗಾಡಿಯೊಳಗಿನ ಶಾಖ ಇದನ್ನು ಎಷ್ಟೋ ಮೀರುತ್ತದೆ. ಐಸಿನ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಡಿ, ಐಸಿಗೆ ನೇರ ತಾಗಿಸಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಉಪಯೋಗಕ್ಕಿಲ್ಲ.

ಎಲ್ಲಿ ನಿಲ್ಲಿಸುವುದು?

ಹೆದ್ದಾರಿಯ ಅಂಚಿನಲ್ಲಿ, ಸೇತುವೆಯ ಬುಡದಲ್ಲಿ, ನಿರ್ಜನ ಕಡಲತೀರದಲ್ಲಿ ಮಲಗಬಾರದು. ರಾತ್ರಿಯಿಡೀ ತೆರೆದಿರುವ ಪೆಟ್ರೋಲ್ ಪಂಪು, ಕಾವಲುಗಾರರಿರುವ ಹೊಟೇಲಿನ ಅಂಗಳ, ಅನುಮತಿ ಕೇಳಿ ದೇವಸ್ಥಾನದ ಆವರಣ - ಇವು ಸರಿಯಾದ ಜಾಗಗಳು. ಬೆಳಕಿರುವಾಗಲೇ ಜಾಗ ಗೊತ್ತು ಮಾಡಿಕೊಳ್ಳಿ. ಗಾಡಿಯ ಮೂತಿ ರಸ್ತೆಯ ಕಡೆಗಿರಲಿ, ಕೀಲಿಕೈ ಕೈಗೆಟಕುವಂತಿರಲಿ. ಮನೆಯವರಿಗೊಂದು ಫೋನು ಮಾಡಿ ಜಾಗದ ಹೆಸರು ಹೇಳಿ ಮಲಗಿ. ಬೆಳಗ್ಗೆ ಹೊರಡುವಾಗ ನಾವು ಬಂದ ಗುರುತಾಗಿ ಒಂದು ಕಾಗದದ ಚೂರೂ ಅಲ್ಲಿ ಉಳಿಯಬಾರದು.

ಸಂಘ ಸಂಸ್ಥೆಗಳಿಗೊಂದು ಕಿವಿಮಾತು

ವಾರ್ಷಿಕೋತ್ಸವ, ಯಕ್ಷಗಾನ, ವಿದ್ಯಾರ್ಥಿವೇತನ, ರಕ್ತದಾನ - ನಮ್ಮ ಸಂಘಗಳ ಕಾರ್ಯಕ್ರಮಗಳು ಬಗೆಬಗೆಯವು. ಇವುಗಳ ಸಾಲಿಗೆ ಬೇಸಿಗೆ ರಜೆಗೆ ಮುನ್ನ ಒಂದು ಭಾನುವಾರ 'ಊರ ದಾರಿಯ ಗಾಡಿ' ಎಂಬ ಶಿಬಿರವೂ ಸೇರಿದರೆ ಹೇಗೆ? ನಮ್ಮ ಸಮಾಜದಲ್ಲೇ ಬಡಗಿಗಳಿದ್ದಾರೆ, ಎಲೆಕ್ಟ್ರಿಶಿಯನ್ನರಿದ್ದಾರೆ, ಗ್ಯಾರೇಜು ನಡೆಸುವವರಿದ್ದಾರೆ, ಆರ್‌ಟಿಒ ನಿಯಮ ಬಲ್ಲ ವಕೀಲರೂ ಇದ್ದಾರೆ. ಭವನದ ಅಂಗಳದಲ್ಲಿ ನಾಲ್ಕು ಗಾಡಿ ನಿಲ್ಲಿಸಿ ಅಳತೆ ತೆಗೆದು ತೋರಿಸಿದರೆ ನಲವತ್ತು ಮಂದಿ ಕಲಿಯುತ್ತಾರೆ. ಒಂದು ಜೊತೆ ಹಲಗೆ, ಪೆಟ್ಟಿಗೆ, ಕಮೋಡ್ ಕುರ್ಚಿ, ಅಲಾರಂ ಸಂಘದಲ್ಲೇ ಇದ್ದರೆ ವರ್ಷಕ್ಕೊಮ್ಮೆ ಊರಿಗೆ ಹೋಗುವವರು ಪಡೆದುಕೊಂಡು ಮರಳಿಸಬಹುದು. ಕಳಚಬಹುದಾದ ಏರ್ಪಾಡಿನ ಲಾಭ ಇಲ್ಲಿಯೂ ಇದೆ: ಒಬ್ಬರ ಗಾಡಿಗೆ ಮಾಡಿದ್ದು ಅದೇ ಮಾದರಿಯ ಇನ್ನೊಬ್ಬರ ಗಾಡಿಗೂ ಹೊಂದುತ್ತದೆ. ಹೆದ್ದಾರಿಯುದ್ದಕ್ಕೂ ನಮ್ಮವರು ನಡೆಸುವ ಹೊಟೇಲುಗಳಲ್ಲಿ ರಾತ್ರಿ ಗಾಡಿ ನಿಲ್ಲಿಸಲು ಒಪ್ಪುವವರ ಪಟ್ಟಿಯೊಂದನ್ನು ಸಂಘವೇ ತಯಾರಿಸಿ ಸದಸ್ಯರಿಗೆ ಹಂಚಿದರಂತೂ ಅದು ದೊಡ್ಡ ಉಪಕಾರ.

ಹೊಸದಾಗಿ ಮಾಡಿಕೊಂಡವರು ನೇರವಾಗಿ ಊರಿಗೆ ಹೊರಡದೆ, ಮೊದಲು ಲೋಣಾವಳವೋ ಅಲಿಬಾಗವೋ ಎಂದು ಹತ್ತಿರದ ಒಂದು ರಾತ್ರಿಯ ಪ್ರಯಾಣದಲ್ಲಿ ಪರೀಕ್ಷಿಸಿ ನೋಡಬೇಕು. ಎಲ್ಲಿ ಕಿರುಗುಟ್ಟುತ್ತದೆ, ಎಲ್ಲಿ ಸೊಳ್ಳೆ ನುಸುಳುತ್ತದೆ, ಹಾಸಿಗೆ ಬಿಚ್ಚಲು ಎಷ್ಟು ಹೊತ್ತು ಬೇಕೆಂಬುದು ಆಗ ತಿಳಿಯುತ್ತದೆ. ಬಳಿಕ ಊರಿನ ದಾರಿ. ಎರಡು ಗಂಟೆ ತಡವಾದರೂ ಚಿಂತೆಯಿಲ್ಲ, ಕಣ್ಣು ಎಳೆದಲ್ಲಿ ನಿಲ್ಲಿಸಿ, ನಿದ್ರಿಸಿ, ಬೆಳಕು ಹರಿದ ಮೇಲೆ ಹೊರಡಿ. ನೇಮಕ್ಕೆ ದೈವ ಕಾಯುತ್ತದೆ, ಮನೆಯಲ್ಲಿ ಅಜ್ಜಿಯೂ ಕಾಯುತ್ತಾರೆ. ಅವರಿಗೆ ಬೇಕಾದದ್ದು ನಾವು ಬೇಗ ಬರುವುದಲ್ಲ, ಬಂದು ಮುಟ್ಟುವುದು.